ಗವಿಯಮ್ಮನ ಹರಕೆ

ಹಠ ಅಂದರೆ ಗುತ್ಯಮ್ಮನದು. ಆ ಮುದುಕಿ ಒಮ್ಮೆ ಬೇಡ ಅಂದಳೋ, ಬ್ರಹ್ಮ ಬಂದು ಕೈಮುಗಿದರೂ ಬೇಡವೇ. ಅವತ್ತು ಗವಿಯಮ್ಮನ ಗುಡ್ಡ ಹತ್ತುವ ದಾರಿಯುದ್ದಕ್ಕೂ ಅವಳದು ಒಂದೇ ರಾಗ. ಮೊಮ್ಮಗಳು ಹುಲಿಗಿಯನ್ನು ಯಾರೂ ಎತ್ತಿಕೊಂಡು ಗವಿಯೊಳಗೆ ಹೋಗಕೂಡದು.

"ಗುಡ್ಡ ಹತ್ತೋ ತನಕ ಬೇಕಾರೆ ಹೊತ್ಕ. ಅಮ್ಮನ ಬಾಗಲು ಬಂದ ಕೂಡ್ಲೆ ಇಳಿಸ್ಬಕು, ತಿಳೀತಾ?" ಅಂದಳು ಮಗನಿಗೆ.

"ಆಯ್ತು ಮಾರಾಯ್ತಿ, ಎಷ್ಟು ಸಲ ಹೇಳ್ತೀಯ!" ಅಂದ ಹೂವಪ್ಪ. ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ಕಲ್ಲು ಹೊರುವ ಅವನಿಗೆ ಐದು ವರ್ಷದ ಮಗಳೊಂದು ಭಾರವೇ ಅಲ್ಲ. ಹಿಂದೆ ಅವನ ಹೆಂಡತಿ ಶೇಷಮ್ಮ ತಲೆ ಮೇಲೆ ಬುತ್ತಿ ಹೊತ್ತು ಬರುತ್ತಿದ್ದಳು. ಹಿರಿಯ ಮಗ ಮಾರ ಎಲ್ಲರಿಗಿಂತ ಮುಂದೆ ಓಡಿ, ನೆಲ್ಲಿಕಾಯಿ ಆಯ್ದು ತಿಂದು, ಹುಳಿಗೆ ಮುಖ ಕಿವುಚಿ, ಮತ್ತೆ ಆಯುತ್ತಿದ್ದ.

ಗುತ್ಯಮ್ಮನ ಹಠಕ್ಕೆ ಕಾರಣ ಇತ್ತು. ಹುಲಿಗಿಗೆ ಎರಡು ತುಂಬುವ ಮೊದಲೇ ಕೆಂಡದಂಥ ಜ್ವರ ಬಂದಿತ್ತು. ಹೊಸನಗರದ ಡಾಕ್ಟರೂ ಕೈಚೆಲ್ಲಿದಾಗ ಮುದುಕಿ ಅಂಗಳಕ್ಕೆ ಬಂದು, ಈ ಗುಡ್ಡದ ಕಡೆ ತಿರುಗಿ ಸೆರಗೊಡ್ಡಿದ್ದಳು. "ಇವಳ ಜೀವ ಉಳಿಸ್ಕೊಡು ತಾಯಿ. ನಿನ್ನ ಗವಿಗೆ ನಡೆಸ್ಕಂಡು ಬತ್ತೀನಿ." ಜೀವ ಉಳಿಯಿತು. ಎಡಗಾಲು ಉಳಿಯಲಿಲ್ಲ, ಬಲ ಕಳೆದುಕೊಂಡು ಒಣಗಿತು. ಹುಡುಗಿ ಮನೆ ತುಂಬ ತೆವಳಿಕೊಂಡೇ ಬೆಳೆದಳು. ಅದನ್ನು ಕಂಡಾಗಲೆಲ್ಲ ಅಜ್ಜಿಗೆ ಕರುಳು ಕಿತ್ತು ಬರುತ್ತಿತ್ತು, ಬಾಯಲ್ಲಿ ಬರುತ್ತಿದ್ದುದು ಮಾತ್ರ ಬೈಗುಳ. "ಹಾವಿನ ಹಂಗೆ ಹರೀಬ್ಯಾಡ್ವೇ, ಕಂಡೋರು ಎಂತ ಅಂತಾರೆ!"

ನಡೆಯಲಾರದ ಮಗುವನ್ನು ನಡೆಸಿಕೊಂಡು ಹೋಗುವುದು ಹೇಗೆ? ಹರಕೆ ಹಾಗೇ ಉಳಿಯಿತು. ಈ ದೀಪಾವಳಿಗೆ ಹುಲಿಗಿಯ ಮೈ ಮತ್ತೆ ಬಿಸಿಯಾದಾಗ ಗುತ್ಯಮ್ಮನಿಗೆ ಬಾಕಿ ಹರಕೆ ನೆನಪಾಯಿತು. ಅಮ್ಮ ಮುನಿದಿದ್ದಾಳೆ, ಈ ಸಲ ಮಗುವನ್ನೇ ಕೇಳುತ್ತಾಳೆ ಅನ್ನಿಸಿತು. ಜ್ವರ ಬಿಟ್ಟಿತು, ಹೆದರಿಕೆ ಬಿಡಲಿಲ್ಲ. ಎರಡೂ ರಟ್ಟೆ ಹಿಡಿದು ಬಾಗಿಲಿನಿಂದ ನಾಲ್ಕು ಹೆಜ್ಜೆ ಹಾಕಿಸಿದರೂ ಸಾಕು, ಅಮ್ಮ ಒಪ್ಪಿಕೊಂಡಾಳು ಎಂದು ಅವಳ ಲೆಕ್ಕಾಚಾರ.

ಗವಿ ಬಂತು. ನೋಡಿದರೆ ಬಾಗಿಲು ಅನ್ನುವುದು ಎರಡು ಬಂಡೆಗಳ ನಡುವಿನ ಬಿಲ! ನಾಯಿಯಾದರೂ ತಲೆ ತಗ್ಗಿಸಿ ನುಗ್ಗಬೇಕು.

"ಇದೆಂತದೋ ಇದು!" ಗುತ್ಯಮ್ಮ ಅಲ್ಲೇ ಕುಸಿದು ಕೂತಳು.

"ಒಳಗೆ ಹೋದ್ರೆ ದೊಡ್ಡ ಜಾಗ ಇದೆ. ಅಲ್ಲೀ ತನಕ ತೆವಳ್ಕಂಡೇ ಹೋಗ್ಬಕು. ನಿಂಗೆ ಗೊತ್ತಿಲ್ವಾ? ನೀನು ಮುಂಚೆ ಬಂದಿದ್ಯಲ್ಲ ಅವ್ವ?" ಅಂದ ಹೂವಪ್ಪ.

"ನಾನೆಲ್ಲಿ ಒಳಗೆ ಹೋಗಿದ್ದೆ! ಆವಾಗ ನೀನು ಹೊಟ್ಟೇಲಿದ್ದೆ. ಬಸುರಿ ಹೋಗ್ಬಾರ್ದು ಅಂತ ನಮ್ಮತ್ತೆ ಗುಡ್ಡದ ಬುಡದಲ್ಲೇ ಕೂರಿಸಿದ್ರು." ಮುದುಕಿ ಹಣೆ ಚಚ್ಚಿಕೊಂಡಳು. "ಇದ್ರಲ್ಲಿ ಮಗೂನ ನಡ್ಸದು ಹೆಂಗೋ? ಮುಗೀತು. ನನ್ ಹರಕೆ ಮಣ್ಣಾತು."

"ಅತ್ತೆ, ಹುಲಿಗಿ ಎಲ್ಲಿ?" ಅಂದಳು ಶೇಷಮ್ಮ.

ಅಪ್ಪನ ಬೆನ್ನಿನಿಂದ ಜಾರಿದ ಹುಡುಗಿ ಆಗಲೇ ಬಿಲದೊಳಗಿದ್ದಳು. ಲಂಗದ ಅಂಚು ಕಂಡಿತು, ಮತ್ತೆ ಅದೂ ಇಲ್ಲ. ಹೂವಪ್ಪ ಬ್ಯಾಟರಿ ಹೊರತೆಗೆದರೆ ಗುತ್ಯಮ್ಮ ಆ ಗಾಬರಿಯಲ್ಲೂ ಅದನ್ನು ಕಿತ್ತುಕೊಂಡಳು. "ಅಮ್ಮನ ಮುಖಕ್ಕೆ ಬ್ಯಾಟರಿ ಬಿಡ್ತೀಯನೋ? ದೀಪ ಹಚ್ಚದು ಒಳಗೆ ಹೋದ್ಮೇಲೆ!" ಹೇಳಿದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗಿಂತ ಮೊದಲು ತಾನೇ ನುಗ್ಗಿದಳು. ಮೊಮ್ಮಗಳ ಮೇಲಿನ ಜೀವ ಎಂಥ ಮೊಂಡು ಧೈರ್ಯ ಕೊಡುತ್ತದೆ ನೋಡಿ.

ಧೈರ್ಯ ಅರ್ಧ ದಾರಿಗೇ ಮುಗಿಯಿತು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲು. ಮೊಣಕಾಲು ಕಲ್ಲಿಗೆ ಉಜ್ಜಿ ಉರಿಯಿತು. ಭುಜ ಸಿಕ್ಕಿಕೊಂಡಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹಿಂದೆ ಮಾರ ಮಂಡಿ ತರಚಿಕೊಂಡು ಅಳತೊಡಗಿದ. ಹೂವಪ್ಪ ಅವನ ಹಿಂದೆಲ್ಲೋ ಏದುಸಿರು ಬಿಡುತ್ತಿದ್ದ.

"ಹೂವಾ, ಉಸ್ರು ಕಟ್ತದೆ ಕಣೋ! ನಾ ಇಲ್ಲೇ ಸಾಯ್ತೀನಿ!"

ಆಗ ಮುಂದಿನಿಂದ ಪುಟ್ಟದೊಂದು ಕೈ ಬಂದು ಅವಳ ಕೆನ್ನೆ ಸವರಿತು.

"ಅಜ್ಜಿ, ಮಂಡಿ ಊರಬ್ಯಾಡ, ನೋಯ್ತದೆ. ಮೊಣಕೈ ಊರು. ಒಂದು ಭುಜ ಕೆಳಗೆ ಮಾಡು. ಹಾಂ, ಹಂಗೆ. ಈಗ ಮೈ ಎಳ್ಕ."

ಗುತ್ಯಮ್ಮ ಹೇಳಿದ ಹಾಗೆ ಮಾಡಿದಳು. ಮೈ ಜರುಗಿತು.

"ಆತಲ್ಲ! ಇನ್ನೊಂದ್ಸಲ. ತಲೆ ಎತ್ತಬ್ಯಾಡ, ಮೇಲೆ ಕಲ್ಲಿದೆ."

ಕಲ್ಲು ಹೊರುವ ಅಪ್ಪ, ಗುಡ್ಡವೆಲ್ಲ ಕುಣಿದ ಅಣ್ಣ, ಬುತ್ತಿಗಂಟು ಎಳೆದುಕೊಂಡು ಬರುತ್ತಿದ್ದ ಅಮ್ಮ, ಎಲ್ಲರೂ ಆ ಹುಡುಗಿ ಹೇಳಿದಂತೆ ತೆವಳಿದರು. ಎದ್ದು ನಡೆದವರು ಒಬ್ಬರೂ ಇಲ್ಲ.

ಒಳಗೆ ಜಾಗ ಅಗಲವಾಯಿತು. ಹೂವಪ್ಪ ಕಡ್ಡಿ ಗೀರಿ ಹಣತೆ ಹಚ್ಚಿದ. ಕುಂಕುಮ ಬಳಿದ ಕರಿಕಲ್ಲಿನ ಪಕ್ಕದಲ್ಲೇ ಹುಲಿಗಿ ಆರಾಮಾಗಿ ಕೂತಿದ್ದಳು. ಉಳಿದವರ ಮೈಕೈಯೆಲ್ಲ ತರಚಿತ್ತು, ಅವಳಿಗೆ ಒಂದು ಗೀರೂ ಇಲ್ಲ.

ಗುತ್ಯಮ್ಮ ಅಮ್ಮನ ಕಲ್ಲಿಗೆ ಕೈಮುಗಿದು, ಮೊಮ್ಮಗಳ ಒಣಗಿದ ಕಾಲನ್ನು ತೊಡೆ ಮೇಲೆ ಎಳೆದುಕೊಂಡು ಗೊಳೋ ಎಂದು ಅತ್ತಳು.

"ನಿನ್ನ ಹತ್ರ ಬರಕ್ಕೆ ಕಾಲೇ ಬೇಕು ಅಂದ್ಕಂಡಿದ್ನಲ್ಲೇ ತಾಯಿ! ಈ ಮಗೂಗೆ ತೆವಳಬ್ಯಾಡ ಅಂತ ದಿನಾ ಬೈದೆನಲ್ಲೇ!"

ಅಜ್ಜಿ ಹೆದರಿ ಅಳುತ್ತಿದ್ದಾಳೆ ಅಂದುಕೊಂಡಳು ಹುಲಿಗಿ. ಸೆರಗಿನ ತುದಿಯಿಂದ ಅವಳ ಕಣ್ಣೊರೆಸಿ, "ಅಳಬ್ಯಾಡ ಅಜ್ಜಿ," ಅಂದಳು. "ವಾಪಸ್ ಹೋಗ್ತಾನೂ ನಾನೇ ಮುಂದೆ ಹೋಗ್ತೀನಿ."