ಪೂಜೆಗಿಟ್ಟ ಲ್ಯಾಪ್‌ಟಾಪ್

ಸುದರ್ಶನನ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿರಲಿಲ್ಲ. ನೈರೋಬಿಯ ಹೈರಿಡ್ಜ್‌ನ ಮೂರನೇ ಮಹಡಿಯ ಆ ಫ್ಲ್ಯಾಟಿಗೆ ಯಾರಾದರೂ ಕೇಕ್ ತಂದರೆ ಡಬ್ಬಿಯ ಹಿಂಬದಿಯ ಸಣ್ಣಕ್ಷರವನ್ನೆಲ್ಲ ಓದಿ, ಕೈಮುಗಿದು ವಾಪಸ್ ಕಳಿಸುತ್ತಿದ್ದ. ಅಂಥ ಮನುಷ್ಯ ಒಂದು ಜಿಂಕೆಯನ್ನು ಕೊಲ್ಲಿಸಿದ. ಬಂದೂಕು ಮುಟ್ಟಲಿಲ್ಲ, ನೈರೋಬಿ ಬಿಟ್ಟು ಕದಲಲಿಲ್ಲ, ಹಬ್ಬಕ್ಕೆಂದು ಉಟ್ಟಿದ್ದ ರೇಷ್ಮೆ ಪಂಚೆಯನ್ನೂ ಬದಲಿಸಲಿಲ್ಲ.

ಅವನ ಕೆಲಸವೇ ಅಂಥದು. ಊರಂಚಿನ ಕರೆನ್‌ನಲ್ಲಿ ಅವರ ಸಂಸ್ಥೆಯ ಆಫೀಸು. ಕಾಡುಪ್ರಾಣಿಗಳ ಕೊರಳಿಗೆ ಕಟ್ಟಿದ ಪಟ್ಟಿಗಳು ದಿನಕ್ಕೆ ಹಲವು ಸಲ ತಾವಿರುವ ಜಾಗ ತಿಳಿಸುತ್ತವೆ. ಅವು ಯಾವ ಋತುವಿನಲ್ಲಿ ಎಲ್ಲಿಂದ ಎಲ್ಲಿಗೆ ವಲಸೆ ಹೋಗುತ್ತವೆ ಎಂದು ಸುದರ್ಶನ ನಕ್ಷೆ ಬರೆಯುತ್ತಿದ್ದ. ಹೆಚ್ಚಿನವು ಕೀನ್ಯಾದವೇ, ಜೀಬ್ರಾ ಮತ್ತು ದೊಡ್ಡ ಹುಲ್ಲೆಯಾದ ಎಲಂಡ್. ಜೊತೆಗೆ ಅಮೆರಿಕದ ಪಶ್ಚಿಮ ಬೆಟ್ಟಗಳ ಮ್ಯೂಲ್ ಡಿಯರ್ ಎಂಬ ಜಿಂಕೆಗಳ ಒಂದು ಹಿಂಡೂ ಇವನ ಪಾಲಿಗೆ ಬಂದಿತ್ತು. ಹೇಸರಗತ್ತೆಯ ಕಿವಿಯಂಥ ಉದ್ದನೆಯ ಕಿವಿ, ಅದಕ್ಕೇ ಆ ಹೆಸರು. ಒಂದನ್ನೂ ಅವನು ಕಣ್ಣಾರೆ ಕಂಡವನಲ್ಲ.

ಆದರೆ ಆ ಹಿಂಡಿನ ಮೂವತ್ತೊಂದನೇ ನಂಬರಿನ ಗಂಡುಜಿಂಕೆ ಅವರ ಮನೆಯ ಸದಸ್ಯನಂತೆಯೇ ಆಗಿಹೋಗಿತ್ತು. ಹತ್ತು ವರ್ಷದ ಮಗಳು ಪ್ರಾರ್ಥನಾ ಅದಕ್ಕೆ ಕಿವಿರಾಯ ಎಂದು ಹೆಸರಿಟ್ಟಿದ್ದಳು. ಅವಳ ಕೋಣೆಯ ಗೋಡೆಯ ಮೇಲೆ ಆ ಬೆಟ್ಟದ ದೊಡ್ಡ ನಕ್ಷೆ. ಪ್ರತಿ ಶನಿವಾರ ಅಪ್ಪನನ್ನು ಕೇಳಿ ಕಿವಿರಾಯನಿರುವ ಕಡೆ ಒಂದು ಕೆಂಪು ಪಿನ್ನು ಚುಚ್ಚುತ್ತಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವುದು ಆ ಮನೆಯ ರೂಢಿ.

ಈ ಜಾಗಗಳ ಗುಟ್ಟು ಕಾಯುವುದಕ್ಕೆ ಸಂಸ್ಥೆಯಲ್ಲಿ ಕಟ್ಟುನಿಟ್ಟಾದ ನಿಯಮವಿತ್ತು. ಪ್ರಾಣಿ ಈಗ ಎಲ್ಲಿದೆ ಎಂಬುದನ್ನು ಬೇಟೆಯ ಕಾಲ ಮುಗಿಯುವವರೆಗೆ ಹೊರಗಿನ ಯಾರಿಗೂ, ಬೇಟೆಗೆ ಹೋಗುವ ಒಳಗಿನವರಿಗೂ ಹೇಳುವಂತಿಲ್ಲ. ಮಗಳು ಕೂಡ ಗೋಡೆಯ ನಕ್ಷೆಯ ಫೋಟೋ ಯಾರಿಗೂ ಕಳಿಸುವುದಿಲ್ಲವೆಂದು ಆಣೆಯಿಟ್ಟಿದ್ದಳು. ಹೊಸದಾಗಿ ಸೇರಿದವರಿಗೆ ಈ ನಿಯಮ ಬೋಧಿಸುತ್ತಿದ್ದವನು ಬೇರೆ ಯಾರೂ ಅಲ್ಲ, ಸುದರ್ಶನನೇ. ಎದ್ದುನಿಂತು, ಕನ್ನಡಕ ಸರಿಪಡಿಸಿಕೊಂಡು, "ನಮ್ಮ ನಕ್ಷೆ ಬೇಟೆಗಾರನ ಕೈಗೆ ಸಿಕ್ಕರೆ ಗುಂಡು ಹೊಡೆದವರು ನಾವೇ ಎಂದು ತಿಳಿಯಿರಿ" ಎನ್ನುತ್ತಿದ್ದ. ಮಾತು ಚೆನ್ನಾಗಿತ್ತು. ಕೇಳಿದವರು ಬರೆದುಕೊಳ್ಳುತ್ತಿದ್ದರು.

ಎರಡು ಸಾವಿರದ ಹದಿನೆಂಟರ ಆಯುಧಪೂಜೆ ಗುರುವಾರ ಬಂತು. ಹೆಂಡತಿ ತೇಜಸ್ವಿನಿ ದೇವರ ಮುಂದೆ ಮಣೆ ಹಾಕಿ ಕಾರಿನ ಕೀ, ಈಳಿಗೆಮಣೆ, ಮಗಳ ಪುಸ್ತಕಗಳು, ಗಂಡನ ಲ್ಯಾಪ್‌ಟಾಪು ಎಲ್ಲವನ್ನೂ ಜೋಡಿಸಿದಳು. ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ.

"ನಾಳೆ ಬೆಳಗ್ಗೆ ತನಕ ಇವನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದಳು.

ಮಧ್ಯಾಹ್ನ ಪ್ರಾರ್ಥನಾ ಒಂದು ಕಥೆಪುಸ್ತಕವನ್ನು ಮೆಲ್ಲಗೆ ಎಳೆಯಹೋದಾಗ ಸುದರ್ಶನನೇ ಗದರಿದ. "ಒಂದು ದಿನ ಓದದೆ ಇದ್ರೆ ಏನೂ ಆಗಲ್ಲ ಪುಟ್ಟಾ. ಇಟ್ಟಿದ್ದು ಇಟ್ಟ ಹಾಗೇ ಇರ್ಬೇಕು."

ನಾಲ್ಕು ಗಂಟೆಗೆ ಫೋನಿನಲ್ಲಿ ಕಾರ್ಲ್‌ನ ಮೆಸೇಜು ಬಂತು. ಕಾರ್ಲ್ ಎಂದರೆ ಅಮೆರಿಕದ ಹೆಡ್ಡಾಫೀಸಿನ ದೊಡ್ಡ ಸಾಹೇಬ. ಡಿಸೆಂಬರಿಗೆ ಮುಗಿಯಲಿದ್ದ ಸುದರ್ಶನನ ಕಾಂಟ್ರ್ಯಾಕ್ಟನ್ನು ಮುಂದುವರಿಸುವುದೂ ಬಿಡುವುದೂ ಅವನ ಕೈಯಲ್ಲಿತ್ತು. 'ನಾಲ್ಕು ದಿನ ಜಿಂಕೆ ಬೇಟೆಗೆ ಹೊರಟಿದ್ದೇನೆ. ಈ ವಾರ ಬೆಟ್ಟದ ಮೇಲೆ ಕಾಯಲೋ, ಕೆಳಗೋ?' ಎಂದು ಕೇಳಿದ್ದ.

ಸುದರ್ಶನ ಮೊದಲು ಯಾವ ಪುಸ್ತಕದಲ್ಲೂ ಸಿಗುವ ಉತ್ತರವನ್ನೇ ಕೊಟ್ಟ. ಬೇಸಿಗೆಯಿಡೀ ಅವು ಬೆಟ್ಟದ ಮೇಲಿನ ಹುಲ್ಲಿನಲ್ಲಿರುತ್ತವೆ. ಮೊದಲ ದೊಡ್ಡ ಹಿಮ ಬಿದ್ದ ಕೂಡಲೇ ಇಳಿಯತೊಡಗುತ್ತವೆ. ಚಳಿಗಾಲವೆಲ್ಲ ಕಣಿವೆಯ ಬಯಲಿನಲ್ಲಿ. ಹಾಗಾಗಿ ಹಿಮಕ್ಕೆ ಮೊದಲು ಮೇಲೆ ಹುಡುಕಬೇಕು, ಹಿಮ ಬಿದ್ದ ಮೇಲೆ ದಾರಿಯಲ್ಲಿ ಕಾಯಬೇಕು.

'ಹಿಮ ಮೊನ್ನೆಯೇ ಬಿತ್ತು' ಎಂದು ಕಾರ್ಲ್ ಬರೆದ. 'ದಾರಿಯಲ್ಲಿ ಎಂದರೆ ಎಲ್ಲಿ? ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಅಂದ ಹಾಗೆ, ನಿನ್ನ ಕಾಗದ ನನ್ನ ಮೇಜಿನ ಮೇಲೆಯೇ ಇದೆ.'

ಅಲ್ಲಿಗೆ ನಿಲ್ಲಿಸಬಹುದಿತ್ತು. ಹಬ್ಬದ ದಿನ ಲ್ಯಾಪ್‌ಟಾಪು ಮುಟ್ಟುವುದಿಲ್ಲ ಎಂದು ಬರೆದಿದ್ದರೂ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಸುದರ್ಶನ ಎದ್ದುಹೋಗಿ ಮಣೆಯ ಮೇಲಿಂದ ಲ್ಯಾಪ್‌ಟಾಪನ್ನು ಎತ್ತಿದ. ಸೇವಂತಿಗೆ ನೆಲಕ್ಕೆ ಬಿತ್ತು.

"ಅಪ್ಪಾ! ನಾಟ್ ಅಲೌಡ್!" ಎಂದು ಮಗಳು ಕೂಗಿದಳು.

"ಆಫೀಸಿನ ಅರ್ಜೆಂಟ್ ಪುಟ್ಟಾ. ಎರಡೇ ನಿಮಿಷ."

ನಿಜಕ್ಕೂ ಎರಡೇ ನಿಮಿಷ ಹಿಡಿಯಿತು. ಕಿವಿರಾಯ ಪ್ರತಿ ವರ್ಷ ಇಳಿಯುವಾಗ ಎರಡು ತೊರೆಗಳ ನಡುವಿನ ಒಂದು ಇಳಿಜಾರಿನಲ್ಲಿ ಐದಾರು ದಿನ ನಿಂತು ಮೇಯುತ್ತಿದ್ದ. ತಾಯಿಯ ಹಿಂದೆ ನಡೆದು ಕಲಿತ ದಾರಿಯನ್ನು ಈ ಜಿಂಕೆಗಳು ಸುಲಭಕ್ಕೆ ಬಿಡುವುದಿಲ್ಲ. ಅಂದು ಬೆಳಗ್ಗೆ ಕಿವಿರಾಯ ಅಲ್ಲಿಗೆ ಬಂದಿಳಿದಿದ್ದ. ಸುದರ್ಶನ ಆ ಜಾಗಕ್ಕೆ ಗುರುತು ಹಾಕಿ ಕಳಿಸಿದ. 'ಬ್ರಿಲಿಯಂಟ್!' ಎಂದು ಉತ್ತರ ಬಂದಾಗ ಅವನಿಗೆ ಖುಷಿಯಾಯಿತು. ಆಮೇಲೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ಹುಟ್ಟಿಸಿದ್ದು ಆ ಖುಷಿಯೇ.

ಸೋಮವಾರ ಬೆಳಗ್ಗೆ ಕರೆನ್‌ಗೆ ಹೋಗಿ ಕಾರು ನಿಲ್ಲಿಸುವಾಗ ಫೋಟೋ ಬಂತು. ಹಿಮದಲ್ಲಿ ಮಂಡಿಯೂರಿ, ಕೊಂಬು ಹಿಡಿದು ನಗುತ್ತಿರುವ ಕಾರ್ಲ್. ಜಿಂಕೆಯ ಕೊರಳಲ್ಲಿ ಪಟ್ಟಿ. ಎಷ್ಟು ದೊಡ್ಡ ಕಿವಿಗಳು! ಕಿವಿರಾಯನ ಮುಖವನ್ನು ಸುದರ್ಶನ ನೋಡಿದ್ದು ಅದೇ ಮೊದಲು. 'ನೀನಿಲ್ಲದಿದ್ದರೆ ಆಗುತ್ತಿರಲಿಲ್ಲ. ನಿನ್ನ ಕಾಗದಕ್ಕೆ ಸಹಿ ಹಾಕಿದ್ದೇನೆ' ಎಂದಿತ್ತು ಕೆಳಗೆ. ಅವನು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಬಹಳ ಹೊತ್ತು ಕೂತ.

ಒಳಗೆ ವಂಬುಯಿ ಕಾಯುತ್ತಿದ್ದಳು. ನಕ್ಷೆಗಳ ಭದ್ರತೆಯ ಹೊಣೆ ಅವಳದು.

"ಮೂವತ್ತೊಂದು ಹೋಯಿತು, ಸುದರ್ಶನ್. ಯಾವನೋ ಬೇಟೆಗಾರ ಪಟ್ಟಿ ವಾಪಸ್ ಮಾಡಿದ್ದಾನಂತೆ, ಹೆಸರು ಇನ್ನೂ ಬಂದಿಲ್ಲ. ಕಾನೂನಿನ ಪ್ರಕಾರ ತಪ್ಪಿಲ್ಲ ಬಿಡು, ಅವನ ಅದೃಷ್ಟ" ಎಂದು ಅವನ ಭುಜ ತಟ್ಟಿದಳು. "ಪೋಲೆ" ಎಂದು ಸ್ವಾಹಿಲಿಯಲ್ಲಿ ಮರುಗಿದಳು. "ನಿನ್ನ ಮಗಳಿಗೆ ಹೇಗೆ ಹೇಳ್ತೀಯೋ."

ಸುದರ್ಶನ ತಲೆಯಾಡಿಸಿದ. ತನಗೆ ಸಲ್ಲದ ಮರುಕವನ್ನು ಕಳ್ಳನಂತೆ ಸ್ವೀಕರಿಸಿ ನಿಂತಿದ್ದ. ಅಂದಿಡೀ ಅವನು ಯಾರ ಕಣ್ಣನ್ನೂ ನೋಡಲಿಲ್ಲ.

ಸಂಜೆ ಮನೆಗೆ ಬಂದು, ಚಹಾವನ್ನೂ ಮುಟ್ಟದೆ, ಮಗಳ ಕೋಣೆಗೆ ಹೋಗಿ ಹೇಳಿದ. "ಕಿವಿರಾಯ ಇಲ್ಲ ಪುಟ್ಟಾ. ಬೇಟೆಗಾರರು ಹೊಡೆದ್ರು."

ಪ್ರಾರ್ಥನಾ ಅಳಲಿಲ್ಲ. ನಕ್ಷೆಯ ಹತ್ತಿರ ಹೋಗಿ ಕೊನೆಯ ಪಿನ್ನಿನ ಮೇಲೆ ಬೆರಳಿಟ್ಟಳು. "ಹಿಯರ್?"

"ಹ್ಞೂಂ."

"ವೆನ್?"

"ಶನಿವಾರ ಇರ್ಬೇಕು."

ಅವಳು ಬೆರಳು ಮಡಿಸಿ ಎಣಿಸಿದಳು. ಶನಿವಾರ, ಶುಕ್ರವಾರ, ಗುರುವಾರ. ತಿರುಗಿ ಅಪ್ಪನನ್ನು ನೋಡಿದಳು. ಇಂಗ್ಲಿಷು ಎಲ್ಲಿ ಹೋಯಿತೋ, ಅಚ್ಚ ಕನ್ನಡದಲ್ಲಿ ಕೇಳಿದಳು: "ಅಪ್ಪಾ, ಪೂಜೆ ದಿನ ಲ್ಯಾಪ್‌ಟಾಪ್ ತೆಗೆದೆಯಲ್ಲ, ಇದಕ್ಕೇನಾ?"

ನೆಲ ಬಾಯಿಬಿಡಬಾರದೆ ಎನಿಸಿತು ಸುದರ್ಶನನಿಗೆ. ಇಲ್ಲ ಎಂದರೆ ನಂಬುತ್ತಿದ್ದಳು. ಅವಳಿಗೆ ನಂಬುವ ಆಸೆಯಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

"ಹೌದು" ಎಂದ.

"ವಂಬುಯಿ ಆಂಟಿಗೆ ಗೊತ್ತಾ?"

"ಇಲ್ಲ."

ಅವಳು ಫೋನಿದ್ದ ಅವನ ಜೇಬಿನತ್ತ ನೋಡಿದಳು. ಸುದರ್ಶನ ಫೋನು ತೆಗೆದು, ಅಲ್ಲೇ ಮಗಳ ಪುಟ್ಟ ಕುರ್ಚಿಯ ಮೇಲೆ ಕೂತು ವಂಬುಯಿಗೆ ಕರೆ ಮಾಡಿದ. ಯಾರಿಗೆ, ಯಾವಾಗ, ಯಾತಕ್ಕೆ ಎಂದು ಎಲ್ಲವನ್ನೂ ಹೇಳಿದ. ಕಾಂಟ್ರ್ಯಾಕ್ಟಿನ ಆಸೆಗೆ ಎಂಬುದನ್ನೂ ಬಿಡಲಿಲ್ಲ. ಬಾಗಿಲಲ್ಲಿ ತೇಜಸ್ವಿನಿ ಚಹಾದ ಲೋಟ ಹಿಡಿದು ನಿಂತೇ ಇದ್ದಳು.

"ಗುರುವಾರ ಆ ಫೈಲು ಯಾರು ತೆರೆದದ್ದು ಅಂತ ಇವತ್ತು ಹೆಡ್ಡಾಫೀಸಿನವರು ನನ್ನನ್ನ ಕೇಳಿದ್ರು" ಎಂದಳು ವಂಬುಯಿ. "ಸುದರ್ಶನ್ ತೆರೆದಿದ್ದಾರೆ, ಹಾಗಾಗಿ ಚಿಂತೆಯಿಲ್ಲ ಅಂತ ನಾನೇ ಬರೆದುಕೊಟ್ಟೆ. ಬೆಳಗ್ಗೆ ಬಾ. ನೀನು ಹೇಳಿದ್ದನ್ನ ನೀನೇ ಬರೆದು ಸಹಿ ಹಾಕು." ಫೋನಿಟ್ಟಳು.

ಸುದರ್ಶನ ತಲೆ ತಗ್ಗಿಸಿ ಕೂತ. ಮಗಳು ಗೋಡೆಯಿಂದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದಳು. ಎಲ್ಲ ಮುಗಿದ ಮೇಲೆ ಅವನ ಬ್ಯಾಗಿನಿಂದ ಇಣುಕುತ್ತಿದ್ದ ಲ್ಯಾಪ್‌ಟಾಪಿನ ಮೇಲೆ ಅವಳ ಕಣ್ಣು ಬಿತ್ತು. ಮುಚ್ಚಳದ ಕುಂಕುಮ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಮುಂದಿನ ವರ್ಷ ಇದನ್ನ ಪೂಜೆಗೆ ಇಡೋದು ಬೇಡ ಅಪ್ಪಾ" ಎಂದಳು.