ಅವ್ವನ ಬೆರಳಿಗೂ ಒಂದು ಸೂಜಿ

ಹಾಸನದ ಕ್ರೀಡಾಂಗಣದಲ್ಲಿ ರಂಜಿನಿ ಕುಸಿದು ಬಿದ್ದಾಗ ಚೆಂಡು ಅವಳ ಹತ್ತಿರವೂ ಇರಲಿಲ್ಲ. ಯಾರೂ ಅವಳನ್ನು ತಳ್ಳಿರಲಿಲ್ಲ. ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ಕಪ್‌ಗೆ ರಾಜ್ಯ ತಂಡವನ್ನು ಆರಿಸಲು ಅಂದು ಆಟ ಇಟ್ಟಿದ್ದರು. ಮೊದಲರ್ಧದಲ್ಲಿ ಎಲ್ಲರಿಗಿಂತ ಚುರುಕಾಗಿ ಆಡಿದ್ದ ಹುಡುಗಿ, ಎರಡನೆಯ ಅರ್ಧ ಶುರುವಾಗಿ ಹತ್ತು ನಿಮಿಷಕ್ಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹಾಗೇ ಮಂಡಿಯೂರಿ ಒರಗಿಬಿಟ್ಟಳು.

ತರಬೇತಿ ಕೊಡುವ ಹಂಸ ಮೇಡಂ ಅವಳನ್ನು ನೆರಳಿಗೆ ಕರೆದೊಯ್ದು ನೀರು ಕುಡಿಸಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಬಿಳುಚಿಕೊಂಡಿತ್ತು.

"ನಿನ್ನ ಹೆಸರು ಪಟ್ಟಿಯಲ್ಲಿ ಇರುತ್ತೆ. ಇನ್ನು ಮೂರು ತಿಂಗಳಿಗೆ ಶಿಬಿರ. ಆಡಬಹುದು ಅಂತ ಡಾಕ್ಟರು ಬರೆದುಕೊಟ್ಟರೆ ಮಾತ್ರ ಬಾ" ಎಂದರು.

ರಂಜಿನಿಗೆ ಹದಿನೇಳು ವರ್ಷ. ಅವಳು ಬಸ್ಸಿಳಿದು ನುಗ್ಗೇಹಳ್ಳಿಯ ಮನೆಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ತಲುಪಿತ್ತು. ತಾಯಿ ಶಾಂತಿ ಬಾಗಿಲಲ್ಲೇ ನಿಂತಿದ್ದಳು.

"ಇವತ್ಗೆ ಮುಗೀತು. ಆ ಚೆಂಡಾಟ ನನ್ ಮಗಳ ರಕ್ತ ಎಲ್ಲಾ ಕುಡ್ದ್‌ಬುಟ್ಟೈತೆ. ಇನ್ ಎಲ್ಗೂ ಓಗಂಗಿಲ್ಲ."

ತೆಂಗಿನಕಾಯಿ ಸುಲಿಯುವ ಕೆಲಸ ಮುಗಿಸಿ ಬಂದಿದ್ದ ತಂದೆ ಶಾಂತರಾಜು ಮಗಳ ಚೀಲ ತೆಗೆದು ಒಳಗಿಟ್ಟ. ಮಗಳ ಆಟವೆಂದರೆ ಅವನಿಗೆ ಇಷ್ಟ. ಆದರೆ ಅವಳು ಬಿದ್ದಳೆಂದು ಕೇಳಿ ಅವನೂ ಹೆದರಿದ್ದ.

ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಸ್ನೇಹಲತಾ ಬಂದಳು. ಅದೇ ಬೀದಿಯವಳು. ಶಾಂತಿಯನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

"ರಂಜಿನಿ, ಮೊದ್ಲಿಂದ್ಲೂ ಸುಸ್ತಾಯ್ತಿತ್ತಾ?"

"ಎರಡ್ ಮೂರ್ ತಿಂಗ್ಳಿಂದ ಚಿಕ್ಕವ್ವ. ಮೆಟ್ಲು ಅತ್ತಿದ್ರೆ ಎದೆ ಡವಡವ ಅಂತೈತೆ. ಮುಟ್ಟಾದ್ರೆ ಏಳೆಂಟ್ ದಿನ ನಿಲ್ಲಲ್ಲ."

"ಐಸ್ಕೂಲಲ್ಲಿ ವಾರಕ್ಕೊಂದು ಕಬ್ಣದ್ ನೀಲಿ ಮಾತ್ರೆ ಕೊಡ್ತಿದ್ರಲ್ಲ, ನುಂಗ್ತಿದ್ಯಾ?"

ರಂಜಿನಿ ತಲೆ ತಗ್ಗಿಸಿದಳು. "ವಾಕರಿಕೆ ಬತ್ತದೆ ಅಂತ ಕಿಟಕಿಯಿಂದ ಆಚೆ ಎಸೀತಿದ್ವಿ."

"ಮಾತ್ರೆಗೀತ್ರೆ ಏನೂ ಬ್ಯಾಡ. ಆಟ ಬುಟ್ರೆ ತಾನೇ ಸರಿಯಾಯ್ತಳೆ" ಎಂದಳು ಶಾಂತಿ.

"ಆಟ ಬುಡ್ಸೋದು ಆಮೇಲ್ ನೋಡಾನ ಅಕ್ಕ. ಮೊದ್ಲು ಒಂದ್ ತೊಟ್ಟು ರಕ್ತ ನೋಡ್ಸಾನ, ಬಾ."

ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರ್ ನಿಧಿ ರಂಜಿನಿಯ ಬೆರಳಿಗೆ ಸೂಜಿ ಚುಚ್ಚಿ ರಕ್ತವನ್ನು ಸಣ್ಣ ಯಂತ್ರಕ್ಕೆ ಹಾಕಿದರು. ಎಂಟು ಪಾಯಿಂಟ್ ಎಂಟು ಎಂದು ಬಂತು.

"ಹಿಮೋಗ್ಲೋಬಿನ್ ಹನ್ನೆರಡಾದರೂ ಇರಬೇಕಿತ್ತು. ಇದು ರಕ್ತಹೀನತೆ" ಎಂದರು.

"ನಾನ್ ಏಳ್ಲಿಲ್ವಾ? ಎಲ್ಲಾ ಆ ಆಟದಿಂದ್ಲೇ" ಎಂದಳು ಶಾಂತಿ.

ಒಳಗೆ ಬರುವಾಗ ನಾಲ್ಕು ಮೆಟ್ಟಿಲು ಹತ್ತಲು ಶಾಂತಿ ಗೋಡೆ ಹಿಡಿದುಕೊಂಡದ್ದನ್ನು ಸ್ನೇಹಲತಾ ನೋಡಿದ್ದಳು. "ಡಾಕ್ಟ್ರೇ, ಅಕ್ಕಂದೂ ಒಂದ್ಸಲ ನೋಡ್ಬುಡಿ" ಎಂದಳು.

"ನಂಗೇನಾಗೈತೆ? ಗಟ್ಟಿಗಿವ್ನಿ."

ಆದರೂ ಬೆರಳು ಕೊಟ್ಟಳು. ಯಂತ್ರ ಎಂಟು ಪಾಯಿಂಟ್ ಎರಡು ಎಂದು ತೋರಿಸಿತು. ಮಗಳಿಗಿಂತ ಕಡಿಮೆ.

ಸ್ನೇಹಲತಾ ಮೆಲ್ಲಗೆ ಕೇಳಿದಳು. "ಅಕ್ಕ, ನೀನ್ ಯಾವತ್ ಚೆಂಡು ಒದ್ದಿದ್ದೆ?"

ಶಾಂತಿ ಬೆಂಚಿನ ಮೇಲೆ ಕುಳಿತುಬಿಟ್ಟಳು. ನೀರಿನ ಕೊಡ ಹೊತ್ತು ಬರುವಾಗ ದಾರಿಯಲ್ಲಿ ಎರಡು ಸಲ ಇಳಿಸುವುದು, ಸಂಜೆಯಾದರೆ ತಲೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ. ಹೆಂಗಸರ ಮೈ ಎಂದರೆ ಹೀಗೇ ಎಂದು ಅವಳು ಎಷ್ಟೋ ವರ್ಷದಿಂದ ನಂಬಿದ್ದಳು. ಮನೆಯವರೆಲ್ಲ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದೇ ಅವಳ ಊಟ. ಹಸಿವಾದರೆ ಇನ್ನೊಂದು ಲೋಟ ಕಾಫಿ.

ಡಾಕ್ಟರ್ ನಿಧಿ ಬಿಡಿಸಿ ಹೇಳಿದರು. ರಕ್ತ ಕಡಿಮೆಯಾಗಿದ್ದು ಆಟದಿಂದಲ್ಲ. ಊಟದಲ್ಲಿ ಕಬ್ಬಿಣದಂಶ ಸಾಲದು, ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದೆ, ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಹೀಗಾಗುತ್ತದೆ. ಇಬ್ಬರಿಗೂ ಹುಳುವಿನ ಮಾತ್ರೆ ನುಂಗಿಸಿ, ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ರಂಜಿನಿಯ ಮುಟ್ಟಿಗೂ ಬೇರೆ ಔಷಧಿ ಕೊಟ್ಟರು. ಊಟವಾದ ಮೇಲೆ ಮಾತ್ರೆ ತೆಗೆದುಕೊಳ್ಳಬೇಕು. ಅದಕ್ಕೆ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಕುಡಿಯಬಾರದು. ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ ಒಳ್ಳೆಯದು.

ವಾರವಾದ ಮೇಲೆ ಸ್ನೇಹಲತಾ ಬಂದು ನೋಡಿದರೆ ಮಾತ್ರೆ ನಾಲ್ಕು ದಿನದ್ದಷ್ಟೇ ಖಾಲಿಯಾಗಿತ್ತು.

ಶಾಂತಿ ದನಿ ತಗ್ಗಿಸಿ ಹೇಳಿದಳು. "ಎರಡ್ಕೆ ಓದ್ರೆ ಕಪ್ಪಗೆ ಓಯ್ತೈತೆ ಕಣೇ ಸ್ನೇಹಾ. ಒಳ್ಗೇನೋ ಆಗೈತೆ ಅಂತ ಭಯ ಬಿದ್ದು ನಿಲ್ಸ್‌ಬುಟ್ಟೆ. ಅವಳ್ಗೂ ಬ್ಯಾಡ ಅಂದೆ."

"ಈ ಮಾತ್ರೆ ತಗಂಡ್ರೆ ಎಲ್ಲರ್ಗೂ ಅಂಗೇ ಓಗೋದು ಅಕ್ಕ. ಎದ್ರಬ್ಯಾಡ. ಒಟ್ಟೆ ನೋವು ಬಂದ್ರೆ ನಂಗೇಳು, ಡಾಕ್ಟ್ರ ಕೇಳಾನ. ನೀನಾಗ್ ನೀನೇ ನಿಲ್ಸ್‌ಬ್ಯಾಡ."

ಅವತ್ತಿನಿಂದ ಮಾತ್ರೆ ತಪ್ಪಲಿಲ್ಲ. ಶಾಂತರಾಜು ಕೆಲಸದಿಂದ ಬರುವಾಗ ನುಗ್ಗೆಸೊಪ್ಪು ತರತೊಡಗಿದ. ಅದು ದಿನಾ ಬೇಳೆಯ ಜೊತೆ ಸಾರಿಗೆ ಬಿತ್ತು. ವಾರಕ್ಕೆರಡು ಸಲ ಮೊಟ್ಟೆ ಬೆಂದಿತು. ಒಂದು ದಿನ ಶಾಂತರಾಜು ಮುದ್ದೆಯ ಮುಂದೆ ಕುಳಿತವನು ಕೈ ಹಾಕಲೇ ಇಲ್ಲ. "ನೀನೂ ತಟ್ಟೆ ಆಕ್ಕಂಡ್ ಕುಂತ್ಕ. ಅಲ್ಲೀಗಂಟ ನಾನ್ ಉಣ್ಣಲ್ಲ" ಎಂದ. ಶಾಂತಿ ಬೈದುಕೊಂಡೇ ಕುಳಿತಳು. ಮರುದಿನದಿಂದ ಅದೇ ರೂಢಿಯಾಯಿತು.

ಹನ್ನೊಂದು ವಾರ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು. ರಂಜಿನಿಯದು ಹನ್ನೆರಡು ಪಾಯಿಂಟ್ ಒಂದು. ಶಾಂತಿಯದು ಹನ್ನೊಂದು ಪಾಯಿಂಟ್ ನಾಲ್ಕು. ಡಾಕ್ಟರ್ ನಿಧಿ "ಇನ್ನೂ ಕೆಲವು ತಿಂಗಳು ಮಾತ್ರೆ ಮುಂದುವರಿಸಬೇಕು" ಎಂದು ಹೇಳಿ, ಶಿಬಿರಕ್ಕೆ ಪತ್ರ ಬರೆದುಕೊಟ್ಟರು. ಶಾಂತಿ ಆ ಪತ್ರವನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಗೆ ಬಂದಳು. ಅಷ್ಟು ದಿನ ತಡೆದಿದ್ದ ಅಳು ಆಗ ಬಂತು.

ರಂಜಿನಿ ರಾಜ್ಯ ತಂಡದಲ್ಲಿ ಆಡಿದಳು. ಕಪ್ ಅವರಿಗೆ ಸಿಗಲಿಲ್ಲ, ಸೆಮಿಫೈನಲ್‌ನಲ್ಲಿ ಒಂದು ಗೋಲಿನಿಂದ ಸೋತರು. ಆ ಆಟವನ್ನು ಶಾಂತಿ ಸ್ನೇಹಲತಾಳ ಮೊಬೈಲಿನಲ್ಲಿ ನೋಡಿದಳು. ಚೆಂಡು ಎಲ್ಲಿದೆ ಎಂದು ಅವಳು ನೋಡಲೇ ಇಲ್ಲ. ಕೊನೆಯ ಐದು ನಿಮಿಷ ಉಳಿದಾಗಲೂ ಮಗಳು ಮೈದಾನದ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಳು.

"ನೋಡ್ ಸ್ನೇಹಾ, ಇನ್ನೂ ಓಡ್ತಾ ಅವ್ಳೆ" ಎಂದು ಶಾಂತಿ ನೆಮ್ಮದಿಯಿಂದ ಉಸಿರುಬಿಟ್ಟಳು.

ಮಹಿಳಾ ಸಂಘದ ಅಕ್ಕತಂಗಿಯರೇ, ನಿಮ್ಮ ಮಗಳು ಬೇಗ ದಣಿಯುತ್ತಿದ್ದರೆ ಅವಳ ಆಟ ಬಿಡಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಅನುಮಾನವಿದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗಳನ್ನು ಕರೆದುಕೊಂಡು ಹೋದವರು ಬಾಗಿಲ ಹೊರಗೆ ಕಾಯುತ್ತಾ ಕೂರಬೇಡಿ. ಒಳಗೆ ಹೋಗಿ, ನಿಮ್ಮ ಬೆರಳನ್ನೂ ಚಾಚಿ.