ಶ್ರುತಿ ಕೆಡಿಸುವ ವಿದ್ಯೆ

ಒಂದೇ ಒಂದು ತಂತಿ ತರುತ್ತೇನೆಂದು ಅಂಗಡಿಗೆ ಹೋದವನು ಹನ್ನೆರಡು ತಂತಿ ತಂದ. ಅವುಗಳ ಜೊತೆಗೆ ಒಂದು ಗಿಟಾರೂ ಇತ್ತು, ಅಷ್ಟೇ.

ಹೋದವನು ದವಡೆ. ಅದು ಅವನ ಹೆಸರಲ್ಲ, ಕಸುಬು ನೋಡಿ ಬೀದಿಯವರು ಇಟ್ಟ ಅಡ್ಡಹೆಸರು. ಹಲ್ಲಿನ ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ಇವನು ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಕಟ್ಟಿ ಕಳಿಸುತ್ತಾನೆ. ದಿನವಿಡೀ ಗುಲಾಬಿ ಬಣ್ಣದ ಒಸಡಿಗೆ ಬಿಳಿ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು, ಎದುರು ಬಂದ ಮುದುಕರು ನಕ್ಕರೆ ಸಾಕು, "ಆ ನಗು ನಂದೇ" ಎಂದು ಬೀಗುವವನು. ಅವನ ಬಳಿ ಆರು ತಂತಿಯ ಸಾದಾ ಗಿಟಾರೊಂದಿತ್ತು. ಅದರ ತಂತಿ ಕಿತ್ತುಹೋಗಿತ್ತೆಂದೇ ವಾದ್ಯ ರಿಪೇರಿ ಮಾಡುವ ಅಜ್ಜನ ಅಂಗಡಿಗೆ ಹೋಗಿದ್ದು. ಅಲ್ಲಿ ಬಾಗಿಲ ಹಿಂದೆ ಹಳೇ ಬೆಡ್‌ಶೀಟು ಹೊದ್ದು ಏನೋ ನಿಂತಿತ್ತು. ದವಡೆ ಬೆಡ್‌ಶೀಟಿನ ಅಂಚು ಎತ್ತಿದ್ದೇ ತಡ, ಅಜ್ಜ ಕೂತಲ್ಲಿಂದಲೇ ಕೂಗಿದ.

"ಏಯ್, ಅದನ್ನ ಮುಟ್ಬೇಡಪ್ಪಾ. ಅದು ಮಾರೋದಲ್ಲ."

ಮಾರುವವರ ಬಾಯಲ್ಲಿ ಇದಕ್ಕಿಂತ ಹಳೆಯ ಮಂತ್ರವಿಲ್ಲ. ದವಡೆಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಿದ್ದ.

"ಸುಮ್ನೆ ನೋಡ್ತೀನಿ ಅಜ್ಜಾ. ಎಷ್ಟು ಹಳೇದು ಇದು?"

"ಇದು ಗಿದು ಅನ್ಬೇಡ. ನಿನಗಿಂತ ವಯಸ್ಸಲ್ಲಿ ದೊಡ್ಡೋರು. ಬಹುವಚನದಲ್ಲಿ ಮಾತಾಡ್ಸು."

ದೊಡ್ಡವರೇ ಹೌದು. ಮೈಬಣ್ಣ ಜೇನಿನದು, ಮೇಲಿನ ವಾರ್ನಿಶ್ಶು ಸಣ್ಣಸಣ್ಣಗೆ ಬಿರಿದಿತ್ತು. ಯಾರೋ ಪುಣ್ಯಾತ್ಮ ವರ್ಷಗಟ್ಟಲೆ ಮೊಣಕೈ ಊರಿ ನುಡಿಸಿದ ಜಾಗದಲ್ಲಿ ಬಣ್ಣ ಸವೆದು ಬರೀ ಮರ ಕಾಣುತ್ತಿತ್ತು. ತಂತಿಗಳು ಜೋಡಿ ಜೋಡಿ, ಒಟ್ಟು ಆರು ಜೋಡಿ. ದಪ್ಪ ತಂತಿಯ ಪಕ್ಕದಲ್ಲಿ ಅದೇ ಸ್ವರವನ್ನು ಎತ್ತರದ ದನಿಯಲ್ಲಿ ಹೇಳುವ ತೆಳ್ಳನೆ ತಂತಿ. ದವಡೆ ಹೆಬ್ಬೆರಳಿನಿಂದ ಒಮ್ಮೆ ಮೇಲಿಂದ ಕೆಳಕ್ಕೆ ಎಳೆದ. ಕೈ ಒಂದೇ, ಆದರೆ ಅಂಗಡಿಯ ಮೂಲೆಯಲ್ಲಿ ಇನ್ನೊಬ್ಬ ಕೂತು ಜೊತೆಗೆ ನುಡಿಸಿದ ಹಾಗೆ ಕೇಳಿಸಿತು. ಆಮೇಲೆ ಅವನು ಹೇಗೆ ಮನೆಗೆ ಬಂದನೋ ಅವನಿಗೇ ನೆನಪಿಲ್ಲ.

ಮನೆಯಲ್ಲಿ ಹೆಂಡತಿ ಮಂಚದ ಮೇಲೆ ಬಗ್ಗಿ ಬಟ್ಟೆ ಕತ್ತರಿಸುತ್ತಿದ್ದಳು. ಆಫೀಸು, ಆಸ್ಪತ್ರೆಗಳಿಗೆ ಕಿಟಕಿ ಪರದೆ ಹೊಲಿದುಕೊಡುವುದು ಅವಳ ಕೆಲಸ. ಅಷ್ಟುದ್ದ ಬಟ್ಟೆ ಹಾಸಲು ಮನೆಯಲ್ಲಿ ಮಂಚ ಬಿಟ್ಟರೆ ಜಾಗವಿಲ್ಲ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ಹೊರಕೋಣೆಯ ಗೋಡೆಗೆ ಒಂದು ಉದ್ದನೆ ಟೇಬಲ್ಲು ಹಾಕಿಸಬೇಕೆಂದು ಅವಳು ಅಳತೆ ತೆಗೆದು ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದಳು. ದವಡೆ ಬಂದವನೇ ಹೊಸ ಅತಿಥಿಯನ್ನು ಆ ಗೆರೆಯ ಮಧ್ಯದಲ್ಲೇ ನಿಲ್ಲಿಸಿದ.

ಅವಳು ಕತ್ತರಿ ಕೆಳಗಿಟ್ಟಳು.

"ರೀ, ಮನೇಲಿ ಒಂದಿತ್ತಲ್ಲ?"

"ಅದು ಆರು ತಂತಿದು ಕಣೇ. ಅದನ್ನ ಕೊಟ್ಬಿಡ್ತೀನಿ."

"ಆಯ್ತು. ಒಂದು ವರ್ಷ ನೋಡ್ತೀನಿ. ಒಂದೇ ಒಂದು ಹಾಡು, ಶುರುವಿಂದ ಕೊನೇವರೆಗೆ ನನಗೆ ಕೇಳಿಸ್ಬೇಕು. ಇಲ್ಲಾಂದ್ರೆ ಇದು ಆಚೆಗೆ, ನನ್ನ ಟೇಬಲ್ಲು ಒಳಗೆ."

"ಒಂದು ಹಾಡೇನು, ದಿನಾ ಕಛೇರಿ ಮಾಡ್ತೀನಿ ಬಿಡು!"

ಹನ್ನೆರಡು ತಂತಿ ಕಟ್ಟಿಕೊಂಡವರ ಪಾಡು ಕಟ್ಟಿಕೊಂಡವರಿಗೇ ಗೊತ್ತು. ಜೋಡಿ ತಂತಿ ಅಂದರೆ ಗಂಡ ಹೆಂಡತಿ ಇದ್ದ ಹಾಗೆ, ಕೂದಲೆಳೆಯಷ್ಟು ಮನಸ್ತಾಪ ಬಂದರೂ ಬೀದಿಗೆಲ್ಲ ಕೇಳಿಸುತ್ತದೆ. ದವಡೆ ಸಂಜೆ ಕೆಲಸ ಮುಗಿಸಿ ಬಂದು ಒಂದನೇ ತಂತಿಯಿಂದ ಶ್ರುತಿ ಕೂಡಿಸಲು ಶುರು ಮಾಡುತ್ತಿದ್ದ. ಹನ್ನೆರಡನೆಯದು ದಾರಿಗೆ ಬರುವಷ್ಟರಲ್ಲಿ ಒಂದನೆಯದು ಮುನಿಸಿಕೊಂಡಿರುತ್ತಿತ್ತು. ಮತ್ತೆ ಮೊದಲಿಂದ. ವರ್ಷವಿಡೀ ಹೆಂಡತಿಯ ಕಿವಿಗೆ ಬಿದ್ದದ್ದು ಟೊಂಯ್, ಟೊಂಯ್ಯ್, ಟೊಂಯ್ಯ್ಯ್. ಊಟಕ್ಕೆ ಎಲೆ ಹಾಕುವುದೇ ಆಯಿತು, ಬಡಿಸಿದ್ದಿಲ್ಲ.

ವರ್ಷ ತುಂಬಿತು. ಅವಳು ಜಗಳವಾಡಲಿಲ್ಲ. ಗಿಟಾರಿನ ಧೂಳು ಒರೆಸಿ, ಕಿಟಕಿಯ ಬೆಳಕಿಗೆ ನಿಲ್ಲಿಸಿ, ಫೋಟೋ ಹೊಡೆದು, "ಹಳೇ ಕಾಲದ ಹನ್ನೆರಡು ತಂತಿ ಗಿಟಾರು ಮಾರಾಟಕ್ಕಿದೆ, ಭಾನುವಾರ ಬಂದು ನೋಡಬಹುದು" ಎಂದು ಫೋನಿನಲ್ಲಿ ಹಾಕಿಯೇಬಿಟ್ಟಳು. ದವಡೆ ಆ ಫೋಟೋವನ್ನೇ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಬೇಡ ಎನ್ನುವ ಹಾಗಿಲ್ಲ, ಮಾತು ಕೊಟ್ಟಿದ್ದಾನೆ. ಹೂಂ ಎಂದರೆ ಗಿಟಾರು ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಶನಿವಾರ ಸಂಜೆ ಹಲ್ಲಿನ ಸೆಟ್ಟಿನ ಪಕ್ಕದಲ್ಲಿದ್ದ ಪುಟ್ಟ ಸ್ಕ್ರೂಡ್ರೈವರು ಕಣ್ಣಿಗೆ ಬಿತ್ತು. ದವಡೆಯ ಮುಖದಲ್ಲಿ ಆಗ ಬಂದ ನಗುವನ್ನು ಯಾವ ಸೆಟ್ಟಿಗೂ ಕೂರಿಸಲು ಸಾಧ್ಯವಿರಲಿಲ್ಲ.

ತಂತಿ ಬಿಗಿ ಮಾಡುವ ಬಿರಡೆ ಇದೆಯಲ್ಲ, ಅದರ ಹಲ್ಲುಚಕ್ರವನ್ನು ಹಿಡಿದಿಡಲು ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಒಂದಿಷ್ಟು ಸಡಿಲಿಸಿದರೆ ತಂತಿ ಬಿಗಿಯಾಗಿಯೇ ಕಾಣುತ್ತದೆ, ಆದರೆ ನಾಲ್ಕು ಸಲ ಮೀಟಿದರೆ ಮೆಲ್ಲಗೆ ಜಾರುತ್ತದೆ. ಬಂದವನು ಕಿವಿಗೊಟ್ಟು ಸರಿ ಮಾಡಿ ಕೈ ಬಿಟ್ಟರೆ ಮತ್ತೆ ಜಾರುತ್ತದೆ. ದವಡೆ ಮೂರನೇ ಜೋಡಿಯ ತೆಳ್ಳನೆ ತಂತಿಯನ್ನೂ ಐದನೆಯದರ ದಪ್ಪನೆಯದನ್ನೂ ಆರಿಸಿದ. ಎರಡೂ ಒಂದಕ್ಕೊಂದು ಉರಿದುಬೀಳುವ ಹಾಗೆ, ತೀರಾ ಅತಿಯಾಗದ ಹಾಗೆ, ಹದವಾಗಿ ಕೆಡಿಸಿದ.

ಮೊದಲು ಬಂದದ್ದು ಹೋಟೆಲೊಂದರಲ್ಲಿ ಹಾಡುವ ಗಾಯಕ. ಕೂದಲು ಹಿಂದಕ್ಕೆ ತಳ್ಳಿ ನುಡಿಸಿದ, ಮುಖ ಹಿಂಡಿದ, ಸರಿ ಮಾಡಿದ, ಮತ್ತೆ ಮುಖ ಹಿಂಡಿದ.

"ಸಾರ್, ಇದು ನಿಲ್ಲಲ್ವಲ್ಲ?"

"ವಯಸ್ಸಾಯ್ತಲ್ಲಪ್ಪಾ," ಎಂದು ದವಡೆ ನಿಟ್ಟುಸಿರು ಬಿಟ್ಟ. "ನಮಗೇ ನಿಲ್ಲಕ್ಕಾಗಲ್ಲ."

ಮುಂದಿನ ವಾರ ಕಾಲೇಜಿನ ಮೇಷ್ಟ್ರು ಬಂದರು. ಹಳೇ ಗಿಟಾರುಗಳ ಬಗ್ಗೆ ಅವರು ಓದದ ಪುಸ್ತಕವೇ ಇಲ್ಲ. ತಟ್ಟಿ ನೋಡಿದರು, ಮೂಸಿ ನೋಡಿದರು, ಟಾರ್ಚು ಹಾಕಿ ಹೊಟ್ಟೆಯೊಳಗೆ ಇಣುಕಿದರು. ನುಡಿಸಿದ ಮೇಲೆ ಮಾತ್ರ, "ಕುತ್ತಿಗೆ ಹೋಗಿದೆ ಅನ್ಸುತ್ತೆ," ಎಂದು ಆಸ್ಪತ್ರೆಯ ದನಿಯಲ್ಲಿ ಹೇಳಿ ಎದ್ದರು. ಹೆಂಡತಿ ಪ್ರತಿ ಸಲ ಚಹಾ ಕೊಟ್ಟು, ಪ್ರತಿ ಸಲ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಭಾನುವಾರಗಳು ಕಳೆದವು. ಅವಳ ಸೊಂಟ ನೋಯುತ್ತಲೇ ಇತ್ತು, ದವಡೆ ಒಳಗೊಳಗೇ ಕುಣಿಯುತ್ತಲೇ ಇದ್ದ.

ಆಮೇಲೆ ಬಂದವಳು ಗೊಂಬೆಯಾಟದವಳು.

ಬೆರಳಿಗೆಲ್ಲ ಒಣಗಿದ ಗೋಂದು, ಹೆಗಲಲ್ಲಿ ಚೀಲ, ಚೀಲದಿಂದ ಹೊರಗೆ ಇಣುಕುವ ಉದ್ದ ಮೂಗಿನ ಗೊಂಬೆ. ಶಾಲೆಗಳಲ್ಲಿ, ಲೈಬ್ರರಿಗಳಲ್ಲಿ ಮಕ್ಕಳಿಗೆ ಆಟ ಆಡಿಸುತ್ತಾಳಂತೆ. ಕೂತಳು, ಗಿಟಾರು ತೊಡೆಗಿಟ್ಟುಕೊಂಡಳು, ಮೇಲಿಂದ ಕೆಳಕ್ಕೆ ಒಮ್ಮೆ ಎಳೆದಳು. ಮೂರನೇ ಜೋಡಿ ಹಲ್ಲು ಕಡಿಯಿತು, ಐದನೇ ಜೋಡಿ ನರಳಿತು. ದವಡೆ ನಿಟ್ಟುಸಿರಿಗೆ ಸಿದ್ಧನಾದ.

ಅವಳು ಕಣ್ಣು ಮುಚ್ಚಿ ಕೈಯನ್ನು ಎದೆಯ ಮೇಲಿಟ್ಟುಕೊಂಡಳು.

"ಅಯ್ಯೋ ದೇವ್ರೇ! ಇದೇ! ಇದೇ ಸಾರ್!"

"ಯಾವುದು?"

"ನಮ್ಮ ಹೊಸ ಆಟದಲ್ಲಿ ಹಾಳುಮನೆ ದೆವ್ವ ಇದೆ. ಅದು ಬರೋವಾಗ ಯಾವ ಸದ್ದೂ ಸರಿಹೋಗ್ತಿರಲಿಲ್ಲ. ಕೇಳಿ ಇದನ್ನ, ದೆವ್ವಕ್ಕೆ ಹಲ್ಲು ನೋವು ಬಂದ ಹಾಗಿದೆ! ಅಕ್ಕಾ, ನಂಗೆ ಬೇಕು ಇದು. ಈಗ್ಲೇ ಒಯ್ತೀನಿ."

ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. ಕೈಯಲ್ಲಿ ಚಹಾದ ಜೊತೆ ಬಿಸ್ಕತ್ತೂ ಇತ್ತು. ಬಿಸ್ಕತ್ತು ಇದುವರೆಗೆ ಯಾವ ಗಿರಾಕಿಗೂ ಬಂದಿರಲಿಲ್ಲ.

ದವಡೆ ಗಿಟಾರಿನತ್ತ ಬೆರಳು ಚಾಚಿದ. "ನೋಡಮ್ಮಾ, ನಾನು ಮುಚ್ಚುಮರೆ ಮಾಡೋನಲ್ಲ. ಇಲ್ಲಿ ಬಿರುಕಿದೆ."

"ಅದಕ್ಕೇ ಗೊರಗೊರ ಅನ್ನುತ್ತೆ! ಚೆನ್ನಾಗಿದೆ."

"ಇನ್ನೂ ಕೆಡುತ್ತೆ ಇದು. ದಿನೇ ದಿನೇ ಕೆಡುತ್ತೆ."

"ಬಾಯಿಗೆ ಸಕ್ಕರೆ ಹಾಕ್ಬೇಕು ನಿಮಗೆ!"

ಹೆಂಡತಿ ಆಗಲೇ ಮಂಚದ ಕೆಳಗಿಂದ ಪೆಟ್ಟಿಗೆ ಎಳೆದು ಮುಚ್ಚಳ ತೆಗೆದಿದ್ದಳು. ತಾನು ತೋಡಿದ ಹಳ್ಳದೊಳಗೆ ನಿಂತು ದವಡೆ ಮೇಲೆ ನೋಡಿದ. ಗಿಟಾರು ಹೋಗುತ್ತದೆ, ಹೋದರೆ ಹೋಗಲಿ ಎನ್ನೋಣ. ಆದರೆ ಇವಳ ಕೈಗೆ ಸಿಕ್ಕರೆ ಜೀವಮಾನವಿಡೀ ಹೀಗೇ ಕಿರುಗುಟ್ಟುತ್ತಾ ಕೂರುತ್ತದೆ. ಅವನ ಮೈ ಉರಿಯಿತು.

"ತಡೀರಿ," ಎಂದ. "ಕೊಡೋ ಮುಂಚೆ ಒಂಚೂರು ಒರೆಸ್ತೀನಿ."

ಗೋಡೆಯ ಕಡೆ ತಿರುಗಿ ಕೂತ. ಜೇಬಿನಿಂದ ಸ್ಕ್ರೂಡ್ರೈವರು ಬಂತು. ಒಂದು ತಿರುಗು, ಇನ್ನೊಂದು ತಿರುಗು. ಬಿರಡೆಗಳು ಗಟ್ಟಿಯಾದವು. ಅಷ್ಟು ಭಾನುವಾರ ಕೆಡಿಸಿ ಕೆಡಿಸಿ ಅವನ ಕಿವಿ ಹೇಗೆ ಪಳಗಿತ್ತೆಂದರೆ, ವರ್ಷವಿಡೀ ಒಲಿಯದ ಹನ್ನೆರಡೂ ತಂತಿಗಳು ಆವತ್ತು ಹೇಳಿದ ಮಾತು ಕೇಳಿದವು. ಹೀಗಾದರೂ ಅವಳಿಗೆ ಬೇಡವಾಗಲಿ ಎಂದುಕೊಂಡು ಅವನು ತಿರುಗಿ ನುಡಿಸಿದ.

ಕೋಣೆ ತುಂಬಿಹೋಯಿತು. ಒಬ್ಬನಲ್ಲ, ನಾಲ್ಕು ಜನ ಸೇರಿ ನುಡಿಸುತ್ತಿದ್ದಾರೇನೋ ಎನ್ನುವ ಹಾಗೆ. ದವಡೆಗೆ ತಾನು ಏಕೆ ಶುರು ಮಾಡಿದೆ ಎನ್ನುವುದೇ ಮರೆತುಹೋಯಿತು. ಹಾಡು ಶುರುವಿಂದ ಕೊನೆಯವರೆಗೂ ಹೋಯಿತು.

ಮೊದಲು ಗೊಂಬೆಯಾಟದವಳು ಬಾಯಿಬಿಟ್ಟಳು. "ಏನ್ಮಾಡ್ಬಿಟ್ರಿ ಸಾರ್! ದೆವ್ವ ಸತ್ತೇ ಹೋಯ್ತು!"

ದವಡೆ ಗೆದ್ದೆ ಎಂದುಕೊಂಡ. ಆಗ ಹೆಂಡತಿಯ ಕಡೆ ನೋಡಿದ. ಅವಳು ಸ್ಕ್ರೂಡ್ರೈವರನ್ನು ನೋಡುತ್ತಿದ್ದಳು.

"ಇದು ಸರಿಯಾಗೂ ಹಾಡುತ್ತಾ?" ಎಂದಳು ಬಹಳ ಮೆತ್ತಗೆ.

"ಅದೂ... ಈಗ ತಾನೇ..."

"ಹಲ್ಲಿನ ಸಾಮಾನು ಭಾನುವಾರ ಜೇಬಲ್ಲಿ ಯಾಕೆ?"

ದವಡೆ ಬೆಪ್ಪನಂತೆ ಜೇಬು ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದು ಹೀಗೇ.

"ಓಹೋ! ಆ ಹೋಟೆಲಿನವನಿಗೆ ನಾನು ಎರಡು ಸಲ ಚಹಾ ಮಾಡ್ಕೊಟ್ಟೆ. ಮೇಷ್ಟ್ರ ಎದುರಿಗೆ ನಾಚ್ಕೊಂಡು ಸತ್ತೆ. ನನ್ನ ಸೊಂಟ ಇಲ್ಲಿ ಬಿದ್ದು ಹೋಗ್ತಿದೆ, ಇವರು ಸ್ಕ್ರೂ ತಿರುಗಿಸ್ತಾ ಕೂತಿದಾರೆ! ತಗೊಂಡ್ಹೋಗಮ್ಮಾ, ಸುಮ್ನೆ ತಗೊಂಡ್ಹೋಗು. ಬಿಟ್ಟಿ ತಗೊಂಡ್ಹೋಗು!"

ಗೊಂಬೆಯಾಟದವಳು ಗಿಟಾರು ಮುಟ್ಟಲಿಲ್ಲ. ಅವಳು ದವಡೆಯನ್ನೇ ಮೇಲಿಂದ ಕೆಳಗೆ ನೋಡುತ್ತಿದ್ದಳು, ಗೊಂಬೆಗೆ ಮರ ಆರಿಸುವ ಹಾಗೆ.

"ಆಗಿಂದು ನೀವೇ ಕೆಡಿಸಿದ್ದಾ ಸಾರ್?"

ದವಡೆ ತಲೆ ತಗ್ಗಿಸಿದ.

"ಬೇಕಾದಾಗ ಹಾಗೇ ಕೆಡಿಸ್ತೀರಾ?"

"ಅದೇನು ದೊಡ್ಡ ವಿದ್ಯೆನಾ?" ಎಂದಳು ಹೆಂಡತಿ.

"ದೊಡ್ಡ ವಿದ್ಯೆನೇ ಅಕ್ಕಾ! ನಾನೂ ಕೆಡಿಸಿ ನೋಡಿದೀನಿ, ಬರೀ ಕೆಟ್ಟದಾಗಿ ಕೇಳ್ಸುತ್ತೆ. ಇವರು ಕೆಡಿಸಿದ್ದು ಹೆದರ್ಸುತ್ತೆ. ನಂಗೆ ಗಿಟಾರು ಬೇಡ. ಆಟ ಇದ್ದಾಗ ಇವರು ಬಂದು ನುಡಿಸಿದ್ರೆ ಸಾಕು. ಗಿಟಾರು ಬೇಕಾದ್ರೆ ನಮ್ಮ ಗೊಂಬೆ ಕೋಣೇಲೇ ಇರಲಿ, ಅಲ್ಲಿ ಜಾಗ ಇದೆ."

ಹೆಂಡತಿ ಗೋಡೆ ನೋಡಿದಳು, ಸೀಮೆಸುಣ್ಣದ ಗೆರೆ ನೋಡಿದಳು.

"ಗಿಟಾರು ಇವರದ್ದೇ, ಆದ್ರೆ ಮನೇಲಿರಲ್ಲ?"

"ಇರಲ್ಲ ಅಕ್ಕಾ."

"ಭಾನುವಾರ ಇವರೂ ಇರಲ್ಲ?"

"ಆಟ ಇದ್ರೆ ಇರಲ್ಲ."

"ವಾರಕ್ಕೆ ಎಷ್ಟು ಆಟ ಇಟ್ಕೊಂಡ್ರೂ ನನ್ನ ಅಭ್ಯಂತರ ಇಲ್ಲ," ಎಂದಳು ಹೆಂಡತಿ. ದವಡೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನು ಹೂಂ ಎನ್ನುತ್ತಿದ್ದ. ಗಿಟಾರು ತನ್ನದಾಗಿಯೇ ಉಳಿಯಿತಲ್ಲ, ಆ ಸಂತೋಷಕ್ಕೆ ಬೈಗುಳವೆಲ್ಲ ಸಕ್ಕರೆಯಾಗಿತ್ತು. ಅದಕ್ಕೆ ತೆರಬೇಕಾದ ಶಿಕ್ಷೆ ಏನೆಂದು ಅವನಿಗಿನ್ನೂ ಅರ್ಥವಾಗಿರಲಿಲ್ಲ.

ಮೊದಲ ಆಟದ ದಿನ ಅರ್ಥವಾಯಿತು. ಶಾಲೆಯೊಂದರ ಸಭಾಂಗಣ, ನೆಲದ ಮೇಲೆ ಕಿಕ್ಕಿರಿದ ಮಕ್ಕಳು, ಹಿಂದಿನ ಸಾಲಿನ ಕುರ್ಚಿಗಳಲ್ಲಿ ದೊಡ್ಡವರು, ಅವರ ನಡುವೆ ದವಡೆಯ ಹೆಂಡತಿ. ಕಪ್ಪು ಪರದೆಯ ಹಿಂದೆ ಮೋಟು ಸ್ಟೂಲಿನ ಮೇಲೆ ದವಡೆ. ಹಾಳುಮನೆ ದೆವ್ವ ಬಂತು, ದವಡೆ ತಂತಿ ಎಳೆದ, ಮಕ್ಕಳು ಖುಷಿಯಿಂದ ಕಿರುಚಿಕೊಂಡರು. ಅವನಿಗೂ ಕಿರುಚಿಕೊಳ್ಳುವ ಹಾಗಾಯಿತು. ಇಂಥ ಗಿಟಾರನ್ನು ಇಷ್ಟು ಜನರ ಮುಂದೆ ಹೀಗೆ ನುಡಿಸುವುದೇ? ಎರಡನೇ ಸಲ ದೆವ್ವ ಬಂತು. ಬೆರಳು ತುರಿಸಿತು. ಮೂರನೇ ಸಲ ಬರುವ ಮುಂಚೆ ಸ್ವಲ್ಪ ಬಿಡುವಿತ್ತು. ದವಡೆ ಕತ್ತಲಲ್ಲಿ ಅತ್ತಿತ್ತ ನೋಡಿ, ಮೂರನೇ ಜೋಡಿಯನ್ನು ಒಂಚೂರು, ಒಂದೇ ಒಂಚೂರು ಸರಿ ಮಾಡಿದ. ಅದು ಸರಿಯಾದ ಮೇಲೆ ಐದನೆಯದನ್ನು ಹೇಗೆ ಬಿಡುವುದು?

ಮೂರನೇ ಸಲ ದೆವ್ವ ಹಾಳುಮನೆಯ ಬಾವಿಯಿಂದ ಎದ್ದಾಗ ಬೆಳದಿಂಗಳು ಸುರಿದ ಹಾಗೆ ನಾದ ಸುರಿಯಿತು. ಯಾರೂ ಕಿರುಚಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಪಕ್ಕದವಳಿಗೆ ಜೋರಾಗಿಯೇ ಹೇಳಿದಳು: "ಪಾಪ ಕಣೇ, ದೆವ್ವ ಒಳ್ಳೇದು."

"ಹೌದು, ಒಳ್ಳೇದು!" ಎಂದಿತು ಸಭಾಂಗಣ.

ಗೊಂಬೆಯಾಟದವಳ ಒಂದು ಕೈಯಲ್ಲಿ ದೆವ್ವ, ಇನ್ನೊಂದು ಕೈಯಲ್ಲಿ ದೆವ್ವ ಓಡಿಸಬೇಕಾದ ವೀರ. ಬಿಡುವಿದ್ದದ್ದು ಕಾಲು ಮಾತ್ರ. ಅದರಿಂದಲೇ ದವಡೆಯ ಮೊಣಕಾಲಿಗೆ ಒದ್ದಳು.

"ಸಾರ್, ಕೆಡ್ಸಿ! ಬೇಗ ಕೆಡ್ಸಿ!"

ಕೆಡಿಸಲು ಪುರುಸೊತ್ತೆಲ್ಲಿ? ವೀರ ಕತ್ತಿ ಎತ್ತಿದ್ದೇ ಮಕ್ಕಳು ಎದ್ದು ನಿಂತು, "ಹೊಡೀಬೇಡ, ಹೊಡೀಬೇಡ!" ಎಂದು ಬೊಬ್ಬೆ ಹಾಕಿದರು. ಬೇರೆ ದಾರಿ ಕಾಣದೆ ಅವಳು ವೀರನ ಕೈಯನ್ನು ದೆವ್ವದ ಕೈಗೆ ಕೊಟ್ಟು ಇಬ್ಬರನ್ನೂ ಕುಣಿಸಿದಳು. ಆಟ ಬರೆದದ್ದು ಹಾಗಿರಲಿಲ್ಲ. ಚಪ್ಪಾಳೆ ಮಾತ್ರ ನಿಲ್ಲಲೇ ಇಲ್ಲ.

ಪರದೆ ಬಿದ್ದ ಮೇಲೆ ಹೆಂಡತಿ ಹಿಂದಿನ ಬಾಗಿಲಿಂದ ಒಳಗೆ ಬಂದಳು. ಗೊಂಬೆಯಾಟದವಳು ಬೆವರು ಒರೆಸಿಕೊಳ್ಳುತ್ತಾ ದವಡೆಗೆ ಬೆರಳು ತೋರಿಸಿದಳು.

"ನೋಡಿ ಅಕ್ಕಾ, ಮುಂದಿನ ಆಟದಲ್ಲಿ ಹೀಗೇ ಮಾಡಿದ್ರೆ ಇವರನ್ನೇ ದೆವ್ವದ ಜಾಗದಲ್ಲಿ ನಿಲ್ಲಿಸ್ತೀನಿ."

"ನಿಲ್ಸಮ್ಮಾ," ಎಂದಳು ಹೆಂಡತಿ, ಗಂಡನನ್ನು ಭುಜದಿಂದ ಭುಜಕ್ಕೆ ಕಣ್ಣಲ್ಲೇ ಅಳೆಯುತ್ತಾ. "ಬಿಳೀ ಬಟ್ಟೆ ಇದೆ, ಹೊಲ್ಕೊಡ್ತೀನಿ."